ಬಾಗಿಲು ಹಾಕಿಕೊಂಡ ಅಕ್ಕ

ಅಕ್ಕ ತೀರಿಕೊಂಡ ಮೇಲಿನ ಶಿವಗಣಾರಾಧನೆಯ ದಿನ ಊಟಕ್ಕೆ ಕೂಡುವ ಮೊದಲು ಊರಿನ ಹಿರಿಯರೊಬ್ಬರು ಎದ್ದು ನಿಂತು ನಾಲ್ಕು ಮಾತಾಡಿದರು. “ಹತ್ತು ಮಕ್ಕಳನ್ನು ಹಡೆದ ಮಹಾತಾಯಿ. ಒಂದು ದಿನವೂ ಯಾರಿಗೂ ಎದುರು ಮಾತಾಡಿದವರಲ್ಲ” ಎಂದರು. ಕುಡಿಯುತ್ತಿದ್ದ ನೀರು ನನ್ನ ನೆತ್ತಿಗೆ ಹತ್ತಿತು.

ಎದುರು ಮಾತಾಡಿದವರಲ್ಲವಂತೆ! ಯಲಬುರ್ಗಿಯ ಪೇಟೆಯಲ್ಲಿ, ಹತ್ತಿ ತೂಗುವ ಮಂದಿಯೆಲ್ಲ ತಕ್ಕಡಿ ಬಿಟ್ಟು ನೋಡುವಂತೆ ಮಾತಾಡಿದ ಹೆಂಗಸಿನ ಬಗ್ಗೆ ಈ ಮಾತು. ಹೇಳುತ್ತಿದ್ದವರ ತಂದೆಯೇ ಒಂದು ಕಾಲಕ್ಕೆ “ಆ ಮನಿ ನೀರು ಮುಟ್ಟಬ್ಯಾಡ್ರಿ” ಎಂದು ಓಣಿ ಓಣಿ ಹೇಳಿಕೊಂಡು ತಿರುಗಿದವರು. ಹತ್ತು ಹಡೆದದ್ದು ನಿಜ. ಅದರಲ್ಲಿ ಆರು ಕೂಸುಗಳು ಮಣ್ಣಿಗೆ ಹೋದವು. ಆ ಆರರ ಮಾತನ್ನು ಅಂದು ಯಾರೂ ಎತ್ತಲಿಲ್ಲ. ಹತ್ತರ ನಂತರ ಅಕ್ಕ ಬದುಕಿದ್ದು ಹೇಗೆ ಎಂದು ಯಾರೂ ಕೇಳಲಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ, ಮೊಮ್ಮಕ್ಕಳು ಮರ್ಯಾದಸ್ಥರು, ಅಜ್ಜಿಯ ಕಥೆ ಅವರಿಗೆ ಹಿತವಾಗಲಿಕ್ಕಿಲ್ಲ. ನಾನು ಆಕೆಯನ್ನು ಅಕ್ಕ ಎಂದೇ ಕರೆದದ್ದು, ಇಲ್ಲಿಯೂ ಅಕ್ಕನೇ.

ನಾನು ಗದಗಿನ ಕಡೆಯ ಹುಡುಗಿ, ಅಂದರೆ ಇಂಗ್ಲಿಷರ ಮುಲ್ಕಿನವಳು. ಕನ್ನಡ ನಾಲ್ಕನೆಯ ಇಯತ್ತೆಯವರೆಗೆ ಓದಿದ್ದೆ. ಮದುವೆಯಾಗಿ ಯಲಬುರ್ಗಿಗೆ ಬಂದಾಗ ಅದು ನಿಜಾಮರ ರಾಜ್ಯದೊಳಗಿನ ಜಾಗೀರು; ನಮ್ಮವರು ಅಲ್ಲಿನ ಸಾಲಿಯಲ್ಲಿ ಉರ್ದು ಕಲಿಸುವ ಮಾಸ್ತರರಾಗಿದ್ದರು. ಅಕ್ಕನ ಮನೆ ನಮ್ಮ ಪಕ್ಕದ್ದು, ನಡುವೆ ಒಂದೇ ಗೋಡೆ. ಅವರದು ಹತ್ತಿ ವ್ಯಾಪಾರದ ದೊಡ್ಡ ಮನೆತನ. ಎರಡೂ ಮನೆಯ ಮಣ್ಣಿನ ಮಾಳಿಗೆ ಕೂಡಿಯೇ ಇದ್ದವು. ಶ್ಯಾವಿಗೆ, ಹಪ್ಪಳ, ಮೆಣಸಿನಕಾಯಿ ಒಣಹಾಕುವ ನೆಪದಲ್ಲಿ ನಾವು ಮಾಳಿಗೆ ಮೇಲೆಯೇ ಮಾತಾಡುತ್ತಿದ್ದೆವು. ಕೆಳಗೆ ಮಾತಾಡಲಿಕ್ಕೆ ನನಗೊಬ್ಬ ಅತ್ತೆ, ಆಕೆಗೊಬ್ಬ ಅತ್ತೆ ಅಡ್ಡವಿದ್ದರು.

ಅಕ್ಕ ಎತ್ತರದ ಹೆಂಗಸು. ಇಳಕಲ್ಲ ಸೀರೆಯ ಸೆರಗು ತಲೆ ಬಿಟ್ಟು ಇಳಿಯುತ್ತಿರಲಿಲ್ಲ. ಸಿಟ್ಟು ಬಂದಾಗ ಮಾತ್ರ ಅದನ್ನು ಎಳೆದು ಸೊಂಟಕ್ಕೆ ಸಿಗಿಸುತ್ತಿದ್ದಳು. ಸೆರಗು ಸೊಂಟಕ್ಕೆ ಹೋಯಿತೆಂದರೆ ಆಳುಮಕ್ಕಳು ಹಿತ್ತಲು ಸೇರುತ್ತಿದ್ದರು. ನಕ್ಕರೆ ತೊಡೆ ತಟ್ಟಿಕೊಂಡು ನಗುತ್ತಿದ್ದಳು. ಓದು ಬರುತ್ತಿರಲಿಲ್ಲ. ಕೇಳಿದ್ದನ್ನು ಮರೆಯುತ್ತಿರಲಿಲ್ಲ, ಕೇಳದೆ ಬಿಡುತ್ತಲೂ ಇರಲಿಲ್ಲ. “ಯಾಕ?” ಎನ್ನುವ ಮಾತು ಆಕೆಯ ಬಾಯಲ್ಲಿ ಬಂದಷ್ಟು ಮತ್ತೊಬ್ಬರ ಬಾಯಲ್ಲಿ ಬಂದದ್ದನ್ನು ನಾನು ಕಂಡಿಲ್ಲ.

ನಾನು ಸೊಸೆಯಾಗಿ ಬಂದ ವರ್ಷವೇ ಅಕ್ಕನ ಹತ್ತನೆಯ ಹೆರಿಗೆ. ನೋವು ಶುರುವಾಗಿ ಎರಡು ಹಗಲು ಕಳೆದರೂ ಕೂಸು ಬರಲಿಲ್ಲ. ಸೂಲಗಿತ್ತಿ ಕೈ ಚೆಲ್ಲಿದಳು. ಅಕ್ಕನ ಅತ್ತೆ ದೇವರಿಗೆ ಹರಕೆ ಕಟ್ಟುತ್ತ ಕೂತಿದ್ದಳು. ಅಕ್ಕನ ಗಂಡ, ಊರೆಲ್ಲ ಸಾಹುಕಾರರು ಎನ್ನುವ ಮನುಷ್ಯ, ಮೆತ್ತನೆಯವರು, ತಾಯಿಯ ಮುಂದೆ ತಲೆ ಎತ್ತದವರು. ಅಂದು ಮಾತ್ರ ಅವರಿಗೆ ಎಲ್ಲಿಂದಲೋ ಧೈರ್ಯ ಬಂತು. ಬಂಡಿ ಕಟ್ಟಿಸಿ, ಹುಲ್ಲಿನ ಮೇಲೆ ಹಾಸಿಗೆ ಹಾಕಿ, ಅಕ್ಕನನ್ನು ಕುಕನೂರಿನ ಮೇಲೆ ಬನ್ನಿಕೊಪ್ಪದ ಸ್ಟೇಶನ್ನಿಗೆ ಒಯ್ದರು. ಅಲ್ಲಿಂದ ರೈಲಿನಲ್ಲಿ ಗದಗಿಗೆ. ಅಲ್ಲಿ ಪುಣೆಯ ಕಡೆ ಕಲಿತು ಬಂದ ಡಾಕ್ಟರಬಾಯಿಯೊಬ್ಬಳು ಸ್ವಂತ ದವಾಖಾನೆ ಇಟ್ಟಿದ್ದಳು. ಕೂಸು ಸತ್ತೇ ಹುಟ್ಟಿತು. ತಾಯಿ ಉಳಿದಳು.

ತಿಂಗಳು ಕಳೆದು ಅಕ್ಕ ತಿರುಗಿ ಬಂದಾಗ ಮೈಯಲ್ಲಿ ರಕ್ತವಿರಲಿಲ್ಲ, ಕಣ್ಣು ಒಳಗೆ ಹೋಗಿದ್ದವು. ಆದರೆ ಬಂದವಳು ಬೇರೆಯೇ ಹೆಂಗಸು. ಹಾಸಿಗೆಯಲ್ಲಿ ಮಲಗಿಕೊಂಡೇ ಆ ದವಾಖಾನೆಯಲ್ಲಿ ನಡೆಯುವುದನ್ನೆಲ್ಲ ನೋಡಿದ್ದಳು, ಅಲ್ಲಿನ ನರ್ಸುಗಳಿಗೆ “ಯಾಕ, ಯಾಕ” ಎಂದು ಕೇಳಿ ಕೇಳಿ ಸಾಕುಮಾಡಿದ್ದಳು. ಹೊಕ್ಕಳಬಳ್ಳಿ ಕೊಯ್ಯುವ ಕತ್ತರಿ ಯಾಕೆ ಕುದಿಸುತ್ತೀರಿ, ಬಾಣಂತಿಗೆ ನೀರು ಯಾಕೆ ಕೊಡುತ್ತೀರಿ, ಕಿಟಕಿ ಯಾಕೆ ತೆಗೆದಿರಿ?

ಅದರ ಪ್ರಯೋಜನ ಮೊದಲು ನನಗೇ ಆಯಿತು. ತವರಿನಲ್ಲಿ ನನಗೆ ತಾಯಿ ಇರಲಿಲ್ಲ; ಮೊದಲ ಹೆರಿಗೆ ಗಂಡನ ಮನೆಯಲ್ಲೇ ಆಯಿತು. ನಮ್ಮ ಕಡೆ ಬಾಣಂತಿ ಕೋಣೆಯೆಂದರೆ ಕಿಟಕಿಗೆ ಗೋಣಿಚೀಲ ತುರುಕಿದ ಕತ್ತಲೆ, ಮಂಚದ ಕೆಳಗೆ ಕೆಂಡ, ಕಣ್ಣು ಬಿಡಲಾಗದ ಹೊಗೆ. ಕುಡಿಯಲಿಕ್ಕೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆಂದು ಹನಿ ನೀರು ಕೊಡುತ್ತಿರಲಿಲ್ಲ. ಎದೆಯ ಮೊದಲ ಹಳದಿ ಹಾಲು ಹೊಲಸು ಎಂದು ಹಿಂಡಿ ಚೆಲ್ಲುತ್ತಿದ್ದರು. ಕೂಸಿಗೆ ಬೆಲ್ಲದ ನೀರಿನ ಬತ್ತಿ. ಬಳ್ಳಿ ಕೊಯ್ಯುತ್ತಿದ್ದದ್ದು ಮೇವು ಕೊಯ್ಯುವ ಕುಡಗೋಲಿನಲ್ಲಿ. ಕೂಸುಗಳು ವಾರದೊಳಗೆ ಬಾಯಿ ಕಚ್ಚಿಕೊಂಡು ಮೈ ಸೆಟೆದು ಸಾಯುತ್ತಿದ್ದವು. ಗ್ರಹ ಬಡಿಯಿತು ಎನ್ನುತ್ತಿದ್ದರು. ಗ್ರಹವಂತೆ! ಕುಡಗೋಲು ಅಲ್ಲೇ ದನದ ಕೊಟ್ಟಿಗೆಯಲ್ಲಿ ಸಿಗಿಸಿದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ನನಗೆ ನೋವು ಬಂದದ್ದು ಕೇಳಿ ಅಕ್ಕ ಕುದಿಸಿದ ಕತ್ತರಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಬಂದಳು. ಸೂಲಗಿತ್ತಿ ಸುಮ್ಮನೆ ಇಸಿದುಕೊಂಡಳು. ಆಕೆಗೆ ಯಾವುದಾದರೇನು, ಕೊಯ್ದರೆ ಆಯಿತು. ಅಡ್ಡಿ ಮಾಡಿದ್ದು ನನ್ನ ಅತ್ತೆ, ಅದೂ ನೀರಿಗೆ. ಮಾರನೆಯ ದಿನ ನನಗೆ ಬಾಯಿ ಒಣಗಿ ನಾಲಿಗೆ ಅಂಟಿಕೊಂಡಿತ್ತು. ಅಕ್ಕ ಕಾಯಿಸಿ ಆರಿಸಿದ ನೀರಿನ ತಂಬಿಗೆ ಹಿಡಿದು ಬಂದಳು. ನನ್ನ ಅತ್ತೆ ಬಾಗಿಲಿಗೆ ಅಡ್ಡ ನಿಂತರು.

“ಬಾಣಂತಿಗೆ ನೀರು ಕೊಡ್ತೀಯೇನ? ಸಾಯಸ್ತೀ ಏನ್ ನನ್ನ ಸೊಸೀನ?”

“ನಿಮ್ಮ ಎಮ್ಮಿ ಈದಾಗ ಏನ್ ಕೊಟ್ರಿ?” ಎಂದಳು ಅಕ್ಕ.

“ಎಮ್ಮಿಗೆ ಬಿಸಿನೀರು ಕೊಡೂದಽ ಅಲ್ಲೇನು, ಹಾಲು ಇಳೀಬೇಕಲ್ಲ.”

“ಮತ್ತ ಈಕಿ ಎಮ್ಮಿಕಿಂತ ಕಡಿಮಿ ಆದಳೇನ್ರಿ?”

ಅಷ್ಟರಲ್ಲಿ ಅಕ್ಕ ಅತ್ತೆಯನ್ನು ದಾಟಿ ಬಂದು ತಂಬಿಗೆಯನ್ನು ನನ್ನ ಬಾಯಿಗೆ ಹಿಡಿದಿದ್ದಳು; ನಾನು ಅರ್ಧ ಕುಡಿದಾಗಿತ್ತು. ಗೋಣಿಚೀಲವನ್ನು ಕಿಟಕಿಯಿಂದ ಕಿತ್ತು ಅಂಗಳಕ್ಕೆ ಎಸೆದವಳೂ ಅಕ್ಕನೇ. ನನ್ನ ಮಗ ಬದುಕಿದ.

ಈಗ ಬಾಗಿಲಿನ ವಿಷಯ. ಇದನ್ನು ಬರೆಯಲಿಕ್ಕೆ ನಾಚಿಕೆಯಾಗಬೇಕೆಂದು ಕೆಲವರು ಹೇಳಿಯಾರು. ಹೇಳಲಿ. ಗದಗಿನಿಂದ ಬರುವಾಗ ಅಕ್ಕನಿಗೆ ಗೊತ್ತಿದ್ದದ್ದು ಒಂದೇ ಮಾತು, ಗಂಡ ಹೇಳಿದ ಮಾತು: “ಇನ್ನೊಂದು ಬಸರು ನಿಂತ್ರ ಜೀವ ಉಳಿಯಂಗಿಲ್ಲಂತ.” ಮೈ ಚೇತರಿಸಿಕೊಂಡ ಮೇಲೆ ಆಕೆಯ ಅತ್ತೆ ಹೊಸ ರಾಗ ತೆಗೆದಳು. ಉಳಿದ ನಾಲ್ಕು ಮಕ್ಕಳಲ್ಲಿ ಮೂರು ಹೆಣ್ಣು, ಒಂದೇ ಗಂಡು. ಒಂದು ಕಣ್ಣು ಕಣ್ಣೇ ಅಲ್ಲ, ಇನ್ನೊಂದು ಗಂಡು ಬೇಕು. ಸಾಹುಕಾರರು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಅಕ್ಕ ಹೆಣ್ಣುಮಕ್ಕಳನ್ನು ಕರೆದುಕೊಂಡು ಒಳಕೋಣೆ ಸೇರಿದಳು, ಅಗಳಿ ಹಾಕಿಕೊಂಡಳು. ಅಂದಿನಿಂದ ಆ ಕೋಣೆಯ ಬಾಗಿಲು ಗಂಡನಿಗೆ ತೆಗೆಯಲಿಲ್ಲ.

“ಜೀವದಾಸೆ ತಂಗಿ,” ಎಂದಳು ನನಗೆ ಮಾಳಿಗೆಯ ಮೇಲೆ, ಶ್ಯಾವಿಗೆಯ ಎಳೆ ಬಿಡಿಸುತ್ತ. “ಮತ್ತೇನಿಲ್ಲ. ಅವರ ಮ್ಯಾಲೆ ನನಗ ಸಿಟ್ಟಿಲ್ಲ. ಛಲೋ ಮನಶ್ಯಾ. ಆದ್ರ ಅವರು ಛಲೋ ಅಂತ ನಾ ಸಾಯಲೇನು?”

ಊರಿಗೆ ಇದು ಹೇಗೆ ಗೊತ್ತಾಯಿತೋ ದೇವರೇ ಬಲ್ಲ. ಅತ್ತೆಯೇ ಹೇಳಿರಬೇಕು. ಗಂಡನನ್ನು ಹೊರಗಿಟ್ಟವಳು ಎಂದರು, ಧರ್ಮ ಬಿಟ್ಟವಳು ಎಂದರು. ಇನ್ನೂ ಏನೇನೋ ಅಂದರು, ಅದನ್ನು ನಾನು ಬರೆಯಲಾರೆ. ಆರು ಕೂಸು ಸತ್ತಾಗ ಬಾಯಿ ಬಿಡದ ಮಂದಿಗೆ ಒಂದು ಅಗಳಿ ಹಾಕಿದ್ದಕ್ಕೆ ಎಷ್ಟು ಮಾತು ಬಂದವು! ಕೊನೆಗೆ ಅತ್ತೆ ಮಗನಿಗೆ ಎರಡನೆಯ ಮದುವೆ ಮಾಡುವುದೆಂದು ಬೇವೂರಿನಲ್ಲಿ ಹೆಣ್ಣು ನೋಡಿದಳು.

ಅಕ್ಕ ಅಳಲಿಲ್ಲ, ಜಗಳ ತೆಗೆಯಲಿಲ್ಲ. ಒಂದು ದಿನ ಮುಂಜಾನೆ ಬಂಡಿ ಕಟ್ಟಿಸಿಕೊಂಡು ತಾನೇ ಬೇವೂರಿಗೆ ಹೋದಳು. ಆ ಹೆಣ್ಣಿನ ತಾಯಿಗೆ ಇವಳು ಯಾರೆಂದು ತಿಳಿದಾಗ ಗಾಬರಿ. ಒಳಗೆ ಕರೆದು ಕೂರಿಸಿದಳು. ಅಕ್ಕ ಹುಡುಗಿಯನ್ನು ನೋಡಬೇಕೆಂದಳು. ಹುಡುಗಿ ಹಿತ್ತಲಲ್ಲಿ ಕಿನ್ನಾಳದ ಮರದ ಬೊಂಬೆ ಇಟ್ಟುಕೊಂಡು ಗೆಳತಿಯರ ಜೊತೆ ಆಡುತ್ತಿತ್ತಂತೆ.

“ನಿಮ್ಮ ಮಗಳನ್ನ ಕೊಡ್ರಿ, ನಾ ಬ್ಯಾಡ ಅನ್ನಾಕ ಬಂದಿಲ್ಲ” ಎಂದಳಂತೆ ಅಕ್ಕ ಆ ತಾಯಿಗೆ. “ಆದ್ರ ಯಾಕ ಬೇಕಾಗ್ಯಾಳ ಅಂತ ತಿಳಕೊಂಡು ಕೊಡ್ರಿ. ನಾ ಹತ್ತು ಹಡದೀನಿ. ಮೈಯಾಗ ಇನ್ನ ಹಡಿಯೂ ಶಕ್ತಿ ಇಲ್ಲ. ನನ್ನಿಂದ ಉಳದದ್ದು ಈ ಕೂಸು ಮುಗಸಬೇಕು. ಅದಕ್ಕ ಒಯ್ಯಾಕತ್ತಾರ.”

ಆ ತಾಯಿ ಎದ್ದು ಹೋಗಿ ಹಿತ್ತಲಿನಿಂದ ಮಗಳನ್ನು ಕರೆದುತಂದು ಪಕ್ಕದಲ್ಲಿ ಕೂರಿಸಿಕೊಂಡಳು. ಎರಡು ದಿನದಲ್ಲಿ ಹೆಣ್ಣು ಕೊಡುವುದಿಲ್ಲವೆಂದು ಹೇಳಿಕಳಿಸಿದರು. ಇದನ್ನು ನನಗೆ ಹೇಳುವಾಗ ಅಕ್ಕ ಮೊದಲು ನಕ್ಕಳು. ಬೊಂಬೆಯ ಮಾತು ಬಂದಾಗ ಮುಖ ತಿರುಗಿಸಿಕೊಂಡಳು.

ಹೀಗೆ ನಾಲ್ಕು ವರ್ಷ ಕಳೆದವು. ಎರಡು ಕೂಸಾಗಿ ಮೂರನೆಯದು ಹುಟ್ಟಿದ ಮೇಲೆ ನನಗೆ ಮೈಯಲ್ಲಿ ಆರಾಮವಿರಲಿಲ್ಲ. ನಮ್ಮವರು ಗದಗಿಗೆ ತೋರಿಸೋಣವೆಂದರು. ಅಕ್ಕ ನಾನೂ ಬರುತ್ತೇನೆಂದು ಹೊರಟಳು. ಡಾಕ್ಟರಬಾಯಿ ನನ್ನನ್ನು ನೋಡಿ, ಔಷಧಿ ಬರೆದುಕೊಟ್ಟು, ಅಕ್ಕನ ಮುಖ ನೋಡಿ ಗುರುತು ಹಿಡಿದಳು. ಮರಾಠಿ ಬೆರೆತ ಕನ್ನಡ ಆಕೆಯದು.

“ನೀವು ಯಾಕೆ ಬರಲೇ ಇಲ್ಲ? ಮೂರು ತಿಂಗಳು ಬಿಟ್ಟು ಕರಕೊಂಡು ಬನ್ನಿ ಅಂತ ನಿಮ್ಮ ಯಜಮಾನರಿಗೆ ಹೇಳಿದ್ದೆ. ಬರಲಿಲ್ಲ. ನಿಮಗೆ ಬೇಡವೇನೋ ಅಂತ ನಾನು ತಿಳಿದೆ.”

“ಏನ್ ಬ್ಯಾಡ? ಏನ್ ಹೇಳಿದ್ರಿ ಅವರಿಗೆ?”

ಡಾಕ್ಟರಬಾಯಿ ಹೇಳಿದಳು. ಬಸಿರು ನಿಲ್ಲದ ಹಾಗೆ ನೋಡಿಕೊಳ್ಳಲಿಕ್ಕೆ ದಾರಿಗಳಿವೆ. ಹೆಂಗಸು ಒಳಗೆ ಇಟ್ಟುಕೊಳ್ಳುವ ಸಣ್ಣ ರಬ್ಬರಿನ ಟೋಪಿಯಂಥದ್ದು ಒಂದಿದೆ, ಮುಂಬಯಿಯಿಂದ ತರಿಸಬೇಕು. ಹೆರಿಗೆಯ ಮೈ ಸರಿಹೋದ ಮೇಲೆ ಅಳತೆ ನೋಡಿ ಕೊಡುತ್ತಾರೆ, ಔಷಧಿ ಹಚ್ಚಿ ಇಟ್ಟುಕೊಳ್ಳಬೇಕು. ಗಂಡಸಿಗೂ ಬೇರೆ ರಬ್ಬರಿನ ಚೀಲವಿದೆ. ಯಾವುದೂ ನೂರಕ್ಕೆ ನೂರು ನಂಬಿಕೆಯದಲ್ಲ, ಆದರೆ ಸರಿಯಾಗಿ ಬಳಸಿದರೆ ಬಹಳ ಮಟ್ಟಿಗೆ ಕಾಯುತ್ತದೆ. ಇದನ್ನೆಲ್ಲ ಅಂದು ಸಾಹುಕಾರರಿಗೆ ಬಿಡಿಸಿ ಹೇಳಿದ್ದಳಂತೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡು, ಹ್ಞೂ ಎಂದು ಹೋಗಿದ್ದರಂತೆ.

ಅಕ್ಕನ ಕೈ ಸೆರಗಿಗೆ ಹೋಯಿತು. ಸೊಂಟಕ್ಕೆ ಸಿಗಿಸಿದಳು.

“ಬಾಯಾರ, ಹಾಸಿಗಿ ಮ್ಯಾಲೆ ಮಲಗಿದಾಕಿ ನಾನು. ನನಗ ಯಾಕ ಹೇಳ್ಲಿಲ್ಲ?”

ಡಾಕ್ಟರಬಾಯಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. “ಹೌದು. ನಿಮಗೇ ಹೇಳಬೇಕಿತ್ತು” ಎಂದಳು. ಹಾಗೆಂದು ಒಪ್ಪಿಕೊಂಡದ್ದು ದೊಡ್ಡತನ. ಮುಂದೆ ನಾವು ಕಳಿಸಿದ ಒಬ್ಬೊಬ್ಬ ಹೆಂಗಸನ್ನೂ ಆಕೆ ಗಂಡನನ್ನು ಹೊರಗೆ ಕೂರಿಸಿ, ಒಬ್ಬಳನ್ನೇ ಒಳಗೆ ಕರೆದು ಮಾತಾಡಿಸುತ್ತಿದ್ದಳು. ಅಂದು ನಮ್ಮಿಬ್ಬರನ್ನೂ ಕೂರಿಸಿಕೊಂಡು, ಒಂದು ಬಸಿರಿಗೂ ಇನ್ನೊಂದು ಬಸಿರಿಗೂ ನಡುವೆ ಮೂರು ವರ್ಷವಾದರೂ ಯಾಕೆ ಬೇಕು, ತಾಯಿಯ ಮೈಯಲ್ಲಿ ಏನೇನು ಬರಿದಾಗುತ್ತದೆ, ಮೊದಲ ಹಳದಿ ಹಾಲಿನಲ್ಲಿ ಏನಿದೆ ಎಂದು ಒಂದೊಂದಾಗಿ ತಿಳಿಸಿದಳು. ಅಕ್ಕ ಮಗ್ಗಿ ಕಲಿಯುವ ಮಗುವಿನ ಹಾಗೆ ಹೇಳಿದ್ದನ್ನೆಲ್ಲ ತಿರುಗಿ ಒಪ್ಪಿಸಿದಳು.

ರೈಲಿನಲ್ಲಿಯೂ ಅಕ್ಕ ಸೆರಗನ್ನು ಸೊಂಟದಿಂದ ಬಿಡಿಸಲಿಲ್ಲ. ಬಂಡಿಯಲ್ಲಿಯೂ ಇಲ್ಲ. ಯಲಬುರ್ಗಿ ಬಂದಾಗ ಬಂಡಿಯವನಿಗೆ, “ಪ್ಯಾಟಿಗೆ ಹೊಡಿ” ಎಂದಳು.

ಆ ಕಾಲದಲ್ಲಿ ಸಾಹುಕಾರರ ಮನೆಯ ಹೆಂಗಸು ಪೇಟೆಗೆ ಕಾಲಿಡುವುದಿಲ್ಲ. ಅಕ್ಕ ಬಂಡಿಯಿಂದ ಇಳಿದು ನೇರ ಅಂಗಡಿಯ ಮುಂದೆ ಹೋಗಿ ನಿಂತಳು. ಒಳಗೆ ಗಾದಿಯ ಮೇಲೆ ಗಂಡ, ಸುತ್ತ ಹತ್ತಿ ಮಾರಲಿಕ್ಕೆ ಬಂದ ಹಳ್ಳಿಯ ರೈತರು, ದಲಾಲರು, ಹಮಾಲರು. ನಾನು ಕೂಸನ್ನು ಎತ್ತಿಕೊಂಡು ಬಂಡಿಯ ಹತ್ತಿರವೇ ನಿಂತೆ.

“ಗದಗಿನ ಡಾಕ್ಟರಬಾಯಿ ನಿಮಗ ಏನ್ ಹೇಳಿದ್ಲು? ಇಲ್ಲೇ ಹೇಳ್ರಿ.”

ಸಾಹುಕಾರರ ಮುಖ ಬಿಳುಪೇರಿತು. “ಮನಿಗೆ ನಡಿ. ಮನ್ಯಾಗ ಮಾತಾಡೂಣು.”

“ಮನ್ಯಾಗ ನಾಲ್ಕು ವರ್ಷ ನೀವು ಬಾಯಿ ಬಿಟ್ಟಿಲ್ಲ. ನಾ ಬಾಗಲಾ ಹಾಕ್ಕೊಂಡು ಕುಂತೆ. ನಿಮ್ಮವ್ವ ನನ್ನ ಏನಂದ್ಲು, ಊರು ಏನಂತು, ಎಲ್ಲಾ ಕೇಳಿಸ್ಕೊಂಡ್ರಿ. ಇನ್ನೊಂದು ಕೂಸಿನ ಕೊರಳಿಗೆ ತಾಳಿ ಕಟ್ಟಾಕ ಹೊಂಟಿದ್ರಿ. ದಾರಿ ಐತಿ ಅಂತ ನಿಮಗ ಗೊತ್ತಿತ್ತು! ನನ್ನ ಮೈ, ನನ್ನ ಜೀವ. ನನಗ ಬಂದ ಮಾತನ್ನ ನೀವ್ಯಾಕ ಹೊಟ್ಟ್ಯಾಗ ಇಟಗೊಂಡ್ರಿ?”

“ನಾಚಿಕಿ ಆತು,” ಎಂದರು ಅವರು, ಯಾರಿಗೂ ಕೇಳದ ಹಾಗೆ. “ಅಂಥಾ ಮಾತು ಹೆಂಗ ಹೇಳ್ಲಿ? ಅವ್ವಗ ತಿಳದ್ರ?”

“ನಾಚಿಕಿ! ಕೂಸುಗಳನ್ನ ಒಂದಾದ ಮ್ಯಾಲೆ ಒಂದು ಮಣ್ಣಾಗ ಇಡೂ ಮುಂದ ಎಲ್ಲಿ ಹೋಗಿತ್ರಿ ಈ ನಾಚಿಕಿ?”

ಹಮಾಲನೊಬ್ಬ ಹೊತ್ತ ಹತ್ತಿಯ ಅಂಡಿಗೆಯನ್ನು ಇಳಿಸದೆ ಹಾಗೇ ನಿಂತಿದ್ದ. ಯಾರೂ ನಗಲಿಲ್ಲ. ಸಾಹುಕಾರರು ಪಂಚೆಯ ಚುಂಗಿನಿಂದ ಕಣ್ಣು ಒರೆಸಿಕೊಂಡರು. ಅಕ್ಕ ತಿರುಗಿ ಬಂದು ಬಂಡಿ ಹತ್ತಿದಳು.

ಆಮೇಲೆ ಆಕೆ ಗಂಡನಿಗೆ ಒಂದು ಶಿಕ್ಷೆ ವಿಧಿಸಿದಳು. ಹೆಂಗಸರಿಗೆ ನಾನು ಹೇಳುತ್ತೇನೆ, ಗಂಡಸರಿಗೆ ನೀವು ಹೇಳಬೇಕು. ಆ ಮೆತ್ತನೆಯ ಮನುಷ್ಯ ಅದನ್ನು ಒಪ್ಪಿಕೊಂಡರು. ಸಂಜೆಯ ಹೊತ್ತು ಬೇವಿನ ಗಿಡದ ಕಟ್ಟೆಯ ಮೇಲೆ ಯಾರಾದರೂ ಒಬ್ಬರೇ ಸಿಕ್ಕರೆ, ಹತ್ತಿಯ ಧಾರಣೆಯಿಂದ ಮಾತು ಶುರುಮಾಡಿ, ಕೆಮ್ಮಿ, ತಡವರಿಸಿ, ಕೊನೆಗೆ ಡಾಕ್ಟರಬಾಯಿಯ ಮಾತಿಗೆ ತಂದು ನಿಲ್ಲಿಸುತ್ತಿದ್ದರು. ಕೆಲವರು ಬೈದು ಎದ್ದುಹೋದರು. ಕೆಲವರು ಕೂತು ಕೇಳಿದರು. ನಮ್ಮವರು ಅಂಥ ಕೂತು ಕೇಳಿದವರಲ್ಲಿ ಮೊದಲಿಗರು. ಅಕ್ಕನ ಒಳಕೋಣೆಯ ಅಗಳಿ ತೆರೆಯಿತೋ ಇಲ್ಲವೋ ನಾನು ಕೇಳಲಿಲ್ಲ. ಆಕೆ ಗದಗಿಗೆ ಮತ್ತೊಮ್ಮೆ ಹೋಗಿ ಬಂದದ್ದು, ಸಾಹುಕಾರರು ತಿರುಗಿ ನಗಲು ಕಲಿತದ್ದು ಮಾತ್ರ ಗೊತ್ತು.

ಊರು ಸುಮ್ಮನೆ ಬಿಡಲಿಲ್ಲ. ಈಕೆ ಬಸಿರು ಕೆಡಿಸುತ್ತಾಳೆ ಎಂದು ಸುದ್ದಿ ಹಬ್ಬಿಸಿದರು. ಅದು ಹಸೀ ಸುಳ್ಳು. ಅಕ್ಕ ಎಂದೂ ಯಾರಿಗೂ ಔಷಧಿ ಕೊಟ್ಟವಳಲ್ಲ. ತನಗೆ ತಿಳಿಯದ್ದಕ್ಕೆ “ನನಗ ಗೊತ್ತಿಲ್ಲ, ಗದಗಿಗೆ ಹೋಗಿ ಕೇಳ್ರಿ” ಎನ್ನುತ್ತಿದ್ದಳು. ಬಸುರಿಗೆ ಕುಬುಸ ಮಾಡುವಾಗ ಅಕ್ಕನಿಗೆ ಕರೆಯಿಲ್ಲ. ತೊಟ್ಟಿಲ ಕಾರ್ಯಕ್ಕೆ ಕರೆಯಿಲ್ಲ. ಆಕೆಯ ನೆರಳು ಬಿದ್ದರೆ ಕೂಸಿಗೆ ಕೇಡಂತೆ. ಮುಂಬಾಗಿಲಿನಲ್ಲಿ ಕರೆಯದ ಅದೇ ಮನೆಗಳ ಹೆಂಗಸರು ಹಿತ್ತಲ ಬಾಗಿಲಿನಿಂದ ಬಂದು, “ಅಕ್ಕಾರ, ಆ ಕತ್ತರಿ ಕೊಡ್ರಿ” ಎಂದು ಒಯ್ಯುತ್ತಿದ್ದರು. ಮೂರು ಹಡೆದು ನಾಲ್ಕನೆಯದಕ್ಕೆ ಹೆದರಿದವರು, ಪ್ರತಿ ವರ್ಷ ಹಡೆದು ಹಲ್ಲು ಅಲುಗಾಡಿಸಿಕೊಂಡವರು, ಒಲೆಯ ಮುಂದೆ ಕೂತು ಪಿಸುಮಾತಿನಲ್ಲಿ ಕೇಳುತ್ತಿದ್ದರು. ಅಕ್ಕನಿಗೆ ಪಿಸುಮಾತು ಬರುತ್ತಿರಲಿಲ್ಲ. ಗೋಡೆಯ ಈಚೆ ನನಗೆ ಎಲ್ಲವೂ ಕೇಳುತ್ತಿತ್ತು.

ಆದರೆ ಆ ಸುಳ್ಳು ಸುದ್ದಿ ಕುಷ್ಟಗಿಯವರೆಗೆ ಹೋಯಿತು. ಅಕ್ಕನ ಹಿರಿಯ ಮಗಳನ್ನು ಅಲ್ಲಿಗೆ ಕೊಟ್ಟಿತ್ತು. ಮಗಳು ಬಸುರಿಯಾದಳು. ಚೊಚ್ಚಲು ಹೆರಿಗೆ ತವರಿನಲ್ಲಿ ಆಗುವುದು ಎಲ್ಲ ಕಡೆಯ ರೂಢಿ. ಕರೆಯಲಿಕ್ಕೆ ಹೋದರೆ ಬೀಗರು ಕಳಿಸಲಿಲ್ಲ. “ನಿಮ್ಮ ಮನಿಗೆ ಕಳಸಿದ್ರ ಹೆಣ್ಣು ಕೆಡತೈತಿ” ಎಂದರು. ಅಕ್ಕ ಎರಡು ಸಲ ಹೋದಳು, ಸಾಹುಕಾರರನ್ನು ಕಳಿಸಿದಳು. “ನನ್ನ ಮನಿ ಬ್ಯಾಡ, ಗದಗಿಗಾದ್ರೂ ಒಯ್ಯಿರಿ, ನಾ ಮುಖಾನೂ ತೋರಸಂಗಿಲ್ಲ” ಎಂದಳು. ಇಲ್ಲ.

ಒಂದು ಮಧ್ಯಾಹ್ನ ಕುಷ್ಟಗಿಯಿಂದ ಆಳು ಬಂದ. ಹೆಣ್ಣು ಕೂಸು ಹುಟ್ಟಿತು, ತಾಯಿ ಹೋದಳು. ನಾನೂ ಬಂಡಿ ಹತ್ತಿದೆ. ನನ್ನ ಎದೆಗೂಸು ನನ್ನ ಜೊತೆಯಲ್ಲೇ. ಆ ಮನೆ ಮುಟ್ಟಿದಾಗ ಹುಡುಗಿಯನ್ನು ಪಡಸಾಲೆಯಲ್ಲಿ ಕೂರಿಸಿದ್ದರು, ಹೂವು ಹಾಕಿದ್ದರು. ಹೆತ್ತ ಮೇಲೆ ರಕ್ತ ನಿಲ್ಲಲಿಲ್ಲ ಎಂದರು. ಅಕ್ಕ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಆಮೇಲೆ ಬೀಗರ ಕಡೆ ತಿರುಗಿದಳು.

“ದವಾಖಾನಿ ಎಲ್ಲೈತಿ ನಿಮ್ಮೂರಾಗ?”

“ಇಲ್ಲೇ, ಚಾವಡಿ ಹಿಂದ.”

“ಯಾಕ ಒಯ್ಯಲಿಲ್ಲ?”

“ಅಲ್ಲಿ ಗಂಡಸು ಡಾಕ್ಟರ ಅದಾನ ಬೀಗತೀ. ಮನಿ ಹೆಣಮಗಳನ್ನ ಪರಗಂಡಸಿಗೆ ಹೆಂಗ ಮುಟ್ಟಸೂದು?”

ಅಂಗಳದಲ್ಲಿ ಹೊರಲಿಕ್ಕೆಂದು ಬಂದು ನಿಂತವರನ್ನು ಅಕ್ಕ ಕೈ ಮಾಡಿ ತೋರಿಸಿದಳು. “ಈಗ ಹೊರಾಕ ಬಂದಾರಲ್ಲ ಇವರೆಲ್ಲಾ ಗಂಡಸರು. ಇವರು ಮುಟ್ಟಬಹುದೇನು?”

ಆ ಹುಡುಗಿ ದೇವರ ಇಚ್ಛೆಯಿಂದ ಸಾಯಲಿಲ್ಲ. ಚಾವಡಿಯ ಹಿಂದೆ ದವಾಖಾನೆ ಇರುವ ಊರಲ್ಲಿ, ಮನೆತನದ ಮರ್ಯಾದೆಗಾಗಿ, ಎಲ್ಲರೂ ನೋಡುತ್ತಿರುವಾಗ ಸತ್ತಳು. ಅಂಥ ಸಾವಿಗೆ ಬೇರೆ ಹೆಸರಿದೆ. ಕಚೇರಿಯವರು ಬರೆದುಕೊಳ್ಳುವುದಿಲ್ಲ, ಅಷ್ಟೇ.

ಹೆಣ್ಣು ಕೂಸೆಂದು ಅದನ್ನು ಅವರು ಸುಲಭವಾಗಿ ಬಿಟ್ಟುಕೊಟ್ಟರು. ತಿರುಗಿ ಬರುವಾಗ ಬಂಡಿಯಲ್ಲಿ ಅದು ಅಳತೊಡಗಿತು. ಅಕ್ಕ ನನ್ನ ಮುಖ ನೋಡಿದಳು. ನಾನು ಕೈ ಚಾಚಿದೆ. ನನ್ನ ಮಗು ಒಂದು ಕಡೆ, ಅಕ್ಕನ ಮೊಮ್ಮಗಳು ಒಂದು ಕಡೆ. ಯಲಬುರ್ಗಿಯ ತನಕ ಹಾಗೆಯೇ ಬಂದೆವು. ಹಾಲು ಕಡಿಮೆಯಾದಾಗ ಅಕ್ಕ ಆಡಿನ ಹಾಲಿಗೆ ನೀರು ಬೆರೆಸಿ ಕುದಿಸಿ, ಕುದಿಸಿದ ಚಮಚದಲ್ಲೇ ಕುಡಿಸುತ್ತಿದ್ದಳು. ಹುಡುಗಿ ಉಳಿಯಿತು.

ಊರಿನ ಬಾಯಿ ಮತ್ತೆ ತೆರೆಯಿತು. “ಮಂದೀಗೆ ಬಸರು ಬ್ಯಾಡ ಅಂದಾಕಿಗೆ ದೇವರು ಮಗಳ ಬಸರಿನ್ಯಾಗಽ ತೋರಿಸಿದ” ಎಂದರು. ಇದನ್ನು ಅಂದವರು ಹೆಂಗಸರು, ಅದೂ ಅಕ್ಕನ ಕತ್ತರಿಯಿಂದ ಬದುಕಿದ ಮಕ್ಕಳನ್ನು ಸೊಂಟದ ಮೇಲೆ ಹೊತ್ತುಕೊಂಡ ಹೆಂಗಸರು. ಅಕ್ಕ ಕೆಲವು ತಿಂಗಳು ಮಾಳಿಗೆಗೆ ಬರಲಿಲ್ಲ. ಗೋಡೆಯಾಚೆ ಆ ದೊಡ್ಡ ದನಿ ಕೇಳಲಿಲ್ಲ. ಮತ್ತೆ ಕೇಳಿದ್ದು ಒಂದು ದಿನ, ಮನೆಗೆಲಸದವಳ ಹದಿಹರೆಯದ ಮಗಳು ಎರಡನೆಯ ಬಸಿರಿಗೆ ಸೋತು ಬಂದು ಹಿತ್ತಲಲ್ಲಿ ಕುಸಿದು ಕೂತಾಗ. “ಇನ್ನ ನಾ ಸುಮ್ಮನಿದ್ರ ನನ್ನ ಮಗಳನ್ನ ಎರಡನೇ ಸಲ ಸಾಯಿಸಿದಂಗ ಆಗತೈತಿ” ಎಂದು ಅಕ್ಕ ಗದಗಿಗೆ ಬಂಡಿ ಕಟ್ಟಿಸಿದಳು. ಅಂದಿನಿಂದ ಕುಬುಸಕ್ಕೆ ಕರೆಯಲಿ ಬಿಡಲಿ, ಬಸುರಿಯಿದ್ದ ಮನೆಗೆ ಮುಂಬಾಗಿಲಿನಿಂದಲೇ ಹೋಗುತ್ತಿದ್ದಳು. ಸಾಹುಕಾರರು ಹಿಂದೆ ಛತ್ರಿ ಹಿಡಿದುಕೊಂಡು ನಡೆಯುತ್ತಿದ್ದರು.

ಈಗ ಸರ್ಕಾರದವರು ಗೋಡೆಗೋಡೆಯ ಮೇಲೆ ಇದೇ ಮಾತನ್ನು ಬಣ್ಣದಲ್ಲಿ ಬರೆಸುತ್ತಾರೆ. ಅಂದು ನೀರು ಮುಟ್ಟಬೇಡಿರೆಂದವರ ಮನೆಗೋಡೆಯ ಮೇಲೂ ಬರೆದಿದ್ದಾರೆ. ಮುಪ್ಪಿನಲ್ಲಿ ಅಕ್ಕ ಅದನ್ನು ಓದಿಸಿ ಕೇಳಿ, “ಗ್ವಾಡಿಗೆ ಹೇಳ್ಯಾರ. ಹೆಂಗಸಿಗೆ ಯಾರಾದ್ರೂ ಕೂಡಿಸಿಕೊಂಡು ಹೇಳ್ಯಾರೇನು?” ಎಂದು ಕೇಳಿದ್ದಳು.

ಇನ್ನೊಂದನ್ನು ಹೇಳಿ ಮುಗಿಸುತ್ತೇನೆ. ನಿಜಾಮರ ಆಳಿಕೆ ಮುಗಿದ ಹೊಸತರಲ್ಲಿ ಅಕ್ಕನ ಅತ್ತೆ ಹಾಸಿಗೆ ಹಿಡಿದಳು. ಅಷ್ಟು ಕಾಟ ಕೊಟ್ಟ ಮುದುಕಿ. ಅಕ್ಕ ಆಕೆಯ ಸೇವೆಯಲ್ಲಿ ಏನೂ ಕೊರತೆ ಮಾಡಲಿಲ್ಲ, ಆದರೆ ಬೇಕಾದದ್ದಕ್ಕಿಂತ ಒಂದು ಮಾತು ಹೆಚ್ಚು ಆಡುತ್ತಿರಲಿಲ್ಲ. ಒಂದು ದಿನ ಮೈ ಒರೆಸಿ ಸೀರೆ ಬದಲಿಸಲಿಕ್ಕೆ ನಾನೂ ಕೈ ಹಚ್ಚಿದ್ದೆ. ಮುದುಕಿ ಕಣ್ಣು ತೆರೆದು ಅಕ್ಕನನ್ನು ನೋಡಿದಳು.

“ಆ ಗದಗಿನ ಡಾಕ್ಟರಬಾಯಿ ನಿನಗ ಹೇಳಿದ್ಲಲ್ಲ, ಏನದು? ನನಗೂ ಹೇಳು.”

“ನಿಮಗ್ಯಾಕ್ರಿ ಅತ್ತಿ ಈಗ?”

“ಕೇಳಬೇಕನಸ್ತೈತಿ. ಹೇಳು.”

ಅಕ್ಕ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತಳು. ಹೊಸ ಸೊಸೆಯರಿಗೆ ಹೇಳುವ ಹಾಗೆ ಮೊದಲಿನಿಂದ ಹೇಳಿದಳು. ಟೋಪಿಯ ವಿಷಯ, ಮೂರು ವರ್ಷದ ಅಂತರ, ಕುದಿಸಿದ ಕತ್ತರಿ, ಹಳದಿ ಹಾಲು. ಮುದುಕಿ ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಮಾಳಿಗೆಯ ತೊಲೆಯ ಕಡೆ ಕಣ್ಣು ತಿರುಗಿಸಿದಳು.

“ಇಷ್ಟಽ ಏನು?” ಎಂದಳು.

“ಇಷ್ಟಽ ಅತ್ತಿ.”

“ಇಷ್ಟನ್ನ ನನಗ ಯಾರೂ ಹೇಳಲಿಲ್ಲಲ್ಲ ಯವ್ವಾ.”

ಆಮೇಲೆ ಮುದುಕಿ ತಾನು ಹೆತ್ತು ಕಳೆದುಕೊಂಡ ಕೂಸುಗಳ ಹೆಸರು ಹೇಳತೊಡಗಿದಳು. ಸಾಹುಕಾರರಿಗಿಂತ ಮೊದಲಿನವು, ಆಮೇಲಿನವು. ಇಷ್ಟು ವರ್ಷ ಅದೇ ಮನೆಯಲ್ಲಿದ್ದರೂ ಅಕ್ಕ ಆ ಹೆಸರುಗಳನ್ನು ಕೇಳಿರಲೇ ಇಲ್ಲ. ಒಂದರ ಹತ್ತಿರ ಬಂದು ಮುದುಕಿ ನಿಂತುಬಿಟ್ಟಳು. ಹೆಸರು ನೆನಪಾಗಲಿಲ್ಲ. ತುಟಿ ಅಲುಗುತ್ತಿದ್ದವು. ಅಕ್ಕ ಆಕೆಯ ಕೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡಳು. ಅಂಗಳದಿಂದ ಯಾರೋ ಕರೆದರು, ಅಕ್ಕ ಏಳಲಿಲ್ಲ. ಆ ಹೆಸರು ಮುದುಕಿಗೆ ನೆನಪಾಗುವ ತನಕ ಅಲ್ಲೇ ಕೂತಿದ್ದಳು.